ಮಗಳಿಗೊಂದು ಪತ್ರ: 432ರ ನಿದ್ದೆ

ಪುಟ್ಟಿ,

ನಿನ್ನ ಮೆಸೇಜ್ ನೋಡಿ ಮೂರು ದಿನವಾಯಿತು. ಇಲ್ಲಿ ಕಕ್ಕಡದ, ಅಂದರೆ ಆಟಿ ತಿಂಗಳ ಮಳೆ. ಕರೆಂಟೂ ಇಲ್ಲ, ಟವರೂ ಇಲ್ಲ. ಫೋನಿನಲ್ಲಿ ಹಲೋ ಹಲೋ ಅನ್ನುವ ಬದಲು ಬರೆದೇಬಿಡೋಣ ಅಂತ ಕೂತೆ.

ನಿದ್ದೆ ಬರುತ್ತಿಲ್ಲ ಅಂದಿದ್ದಕ್ಕೆ ಯಾರೋ 432 ಹರ್ಟ್ಜ್ ಸಂಗೀತ ಕೇಳಿಸಿ, ಇದು ಬ್ರಹ್ಮಾಂಡದ ಶ್ರುತಿ ಅಂತ ಹೇಳಿ, ಆರು ಸಾವಿರ ರೂಪಾಯಿ ಕೇಳಿದ್ದಾರಲ್ವಾ? ಕೊಡಬೇಡ. ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ. ಸೆಕೆಂಡು ನಾವೇ ಮಾಡಿಕೊಂಡ ಅಳತೆ. ಘಳಿಗೆ, ವಿಘಳಿಗೆಯಲ್ಲಿ ಎಣಿಸಿದರೆ ಅದೇ ಸ್ವರಕ್ಕೆ ಬೇರೆ ನಂಬರು ಬರುತ್ತದೆ. ವಾದ್ಯಗಳನ್ನು ಶ್ರುತಿ ಮಾಡುವ 'ಎ' ಅನ್ನುವ ಸ್ವರಕ್ಕೆ ಫ್ರಾನ್ಸಿನವರು 1859ರಲ್ಲಿ 435 ಅಂತ ಕಾನೂನು ಮಾಡಿದರು. 1939ರಲ್ಲಿ ಲಂಡನ್ನಿನಲ್ಲಿ ಸಭೆ ಸೇರಿ 440 ಅಂದರು. ಎಲ್ಲ ಊರಿನ ವಾದ್ಯಗಳು ಹೊಂದಲಿ ಅಂತ, ಅಷ್ಟೇ. ನಮ್ಮಲ್ಲಿ ಆ ರಗಳೆಯೇ ಇಲ್ಲ. ಹಾಡುವವರ ಗಂಟಲು ಎಲ್ಲಿ ನಿಲ್ಲುತ್ತದೋ ಅಲ್ಲೇ ಷಡ್ಜ, ಅಂದರೆ 'ಸ'. ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ನನ್ನ ಶ್ರುತಿ ಐದೂವರೆ ಮನೆ, ನಿಮ್ಮಪ್ಪನದು ಒಂದು. ಇಬ್ಬರಲ್ಲಿ ಬ್ರಹ್ಮಾಂಡ ಯಾರ ಕಡೆ?

ಹಾಗಂತ ನಾನು ನಂಬದವಳಲ್ಲ. ಮುತ್ತುಸ್ವಾಮಿ ದೀಕ್ಷಿತರು ಎಟ್ಟಯಪುರಂ ದಾರಿಯಲ್ಲಿ ಬರಗೆಟ್ಟ ನೆಲ ನೋಡಿ ಅಮೃತವರ್ಷಿಣಿ ರಾಗ ಹಾಡಿದರಂತೆ, ಮಳೆ ಸುರಿಯಿತಂತೆ. ಜಾಸ್ತಿಯಾಗಿ, ಕೊನೆಗೆ 'ಸ್ತಂಭಯ', ನಿಲ್ಲಿಸು ಅಂತ ಹಾಡಿ ನಿಲ್ಲಿಸಬೇಕಾಯಿತಂತೆ. ನಮಗೆ ಆ ಎರಡನೇ ಭಾಗವಷ್ಟೇ ಸಾಕು. ನಿನ್ನೆ ಒಲೆ ಮುಂದೆ ಕೂತು ಹಾಡಿ ನೋಡಿದೆ. ಮಳೆ ಕೇಳಲಿಲ್ಲ. ಹೊಗೆಗೆ ನನಗೇ ಕೆಮ್ಮು ಬಂತು.

ಮಳೆಯ ಮಾತು ಬಿಡು. ಮನುಷ್ಯರ ಮೇಲೆ ಆಗುವುದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ. ಆಚೆಮನೆ ಅಜ್ಜ ತೀರಿಕೊಂಡಾಗ ನಿನಗೆ ಪರೀಕ್ಷೆ ಇತ್ತು, ನೀನು ಬರಲಿಲ್ಲ. ಅಜ್ಜಿ ಬೆಳಿಗ್ಗೆಯಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಬಂದವರಿಗೆಲ್ಲ ಕಾಫಿ ಆಯಿತಾ ಅಂತ ಕೇಳುತ್ತಿದ್ದರು. ಒಳಗೆ ಒಬ್ಬರು ದುಡಿಯ, ಆ ಪುಟ್ಟ ಕೈಚರ್ಮವಾದ್ಯದ, ತೊಗಲನ್ನು ಒಲೆಗೆ ಹಿಡಿದು ಕಾಯಿಸುತ್ತಿದ್ದರು. ಥಂಡಿಗೆ ತೊಗಲು ಸಡಿಲವಾಗಿ ಸದ್ದು ಸತ್ತುಹೋಗುತ್ತದೆ. ಆಮೇಲೆ ನಾಲ್ಕು ಜನ ನಿಂತರು. ಇಬ್ಬರು ಒಂದು ಸಾಲು ಹಾಡುವುದು, ಇನ್ನಿಬ್ಬರು ಅದನ್ನೇ ಎತ್ತಿಕೊಳ್ಳುವುದು. ಏರಿಳಿತ ಜಾಸ್ತಿ ಇಲ್ಲ, ಬಹುಶಃ ನಿನ್ನ ಸಂಗೀತ ಪಾಠದ ಮೇಷ್ಟರು ಇದನ್ನು ರಾಗ ಅಂತಲೂ ಕರೆಯಲಿಕ್ಕಿಲ್ಲ. ಅಜ್ಜ ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಒಂದೊಂದಾಗಿ ಹಾಡಿನಲ್ಲಿ ಬಂತು. ಮದುವೆಯ ಸಾಲಿಗೆ ಅಜ್ಜಿಯ ಕೈಯಲ್ಲಿದ್ದ ಲೋಟ ಓರೆಯಾಯಿತು. ಕಾಫಿ ಸೀರೆ ಮೇಲೆ ಇಳಿಯುತ್ತಿದ್ದರೂ ಗೊತ್ತಾಗಲಿಲ್ಲ. ಆಮೇಲೆ ಅತ್ತರು ನೋಡು, ಅಂಥ ಅಳು ನಾನು ಕೇಳಿರಲಿಲ್ಲ. ಅಷ್ಟು ಹೊತ್ತೂ ಸಮಾಧಾನ ಹೇಳಿದ ನಾವೆಲ್ಲ ಏನೂ ಮಾಡಲಾಗಿರಲಿಲ್ಲ.

ನಮ್ಮ ಕೊಡವರ ಈ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪ ಊರೂರು ತಿರುಗಿ ಸೇರಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಅಂತ ಅಚ್ಚು ಹಾಕಿಸಿದರು. ಪುಸ್ತಕ ನಮ್ಮ ಕಪಾಟಿನಲ್ಲೇ ಇದೆ. ಓದಿದರೆ ಅಳು ಬರುವುದಿಲ್ಲ. ದುಡಿ ಬೇಕು, ನಾಲ್ಕು ಜನರ ಉಸಿರು ಬೇಕು. ಸ್ವೀಡನ್ನಿನವರು 2013ರಲ್ಲಿ ಒಟ್ಟಿಗೆ ಹಾಡುವವರ ಎದೆಬಡಿತ ಅಳೆದು, ಅದು ಒಟ್ಟೊಟ್ಟಿಗೆ ಏರಿಳಿಯುವುದನ್ನು ಕಂಡರು. ಹಾಡು ಎಲ್ಲರ ಉಸಿರನ್ನೂ ಒಂದೇ ಅಳತೆಗೆ ತರುತ್ತದಂತೆ. ನಾದ ಹುಟ್ಟುವುದು ಪ್ರಾಣ ಮತ್ತು ಅಗ್ನಿ ಸೇರಿ ಅಂತ 'ಸಂಗೀತ ರತ್ನಾಕರ'ದ ಶಾರ್ಙ್ಗದೇವ 13ನೇ ಶತಮಾನದಲ್ಲೇ ಬರೆದಿಟ್ಟ. ಉಸಿರು, ಬಿಸಿ. ಆ ದಿನ ಒಲೆಗೆ ಹಿಡಿದ ದುಡಿ ನೋಡಿದಾಗ ನನಗೆ ಆ ಮಾತೇ ನೆನಪಾಯಿತು.

ಇನ್ನೊಂದು. ನಿನಗೆ ಮೂರು ವರ್ಷ. ಆಗ ನಮ್ಮ ಮನೆಗೆ ಜಿಂಕ್ ಶೀಟು. ಇಂಥದ್ದೇ ಮಳೆ, ನಿನಗೆ ಜ್ವರ. ಜೋಗುಳ ಹಾಡಿದರೆ ನನಗೇ ಕೇಳಿಸುತ್ತಿರಲಿಲ್ಲ. ನೀನು ಸ್ವಲ್ಪ ಹೊತ್ತು ನನ್ನ ಬಾಯನ್ನೇ ನೋಡಿದೆ. ಆಮೇಲೆ ಕಿವಿಯನ್ನು ನನ್ನ ಎದೆಗೆ ಒತ್ತಿಕೊಂಡೆ. ನಿಲ್ಲಿಸಿದರೆ ಕೈಯಿಂದ ತಟ್ಟುತ್ತಿದ್ದೆ, ಹಾಡು ಅಂತ. ಮೂಳೆಯಿಂದಲೇ ಕೇಳಿಸಿಕೊಂಡು ನಿದ್ದೆ ಹೋದೆ.

ಆರು ಸಾವಿರದಲ್ಲಿ ಮಡಿಕೇರಿಗೆ ಎಷ್ಟು ಸಲ ಬಸ್ಸಿನಲ್ಲಿ ಬಂದು ಹೋಗಬಹುದು ಲೆಕ್ಕ ಹಾಕು. ಶನಿವಾರ ಬಾ. ಶ್ರುತಿ ಪೆಟ್ಟಿಗೆ ಬೂಸ್ಟು ಹಿಡಿದಿದೆ, ಒರೆಸಿ ಒಲೆ ಪಕ್ಕ ಇಟ್ಟಿದ್ದೇನೆ.

ಅಮ್ಮ