ದೇವರು ಇಸ್ರಾಯೇಲ್ಯರಿಗೆ ಕೊಟ್ಟ ಮಾತು ರದ್ದಾಗಿಲ್ಲ

ಮಾನ್ಯ ಸಂಪಾದಕರೇ,

ಬೈಬಲ್ಲಿನ ಒಡಂಬಡಿಕೆಯ, ಅಂದರೆ ದೇವರು ತನ್ನ ಜನರಿಗೆ ಆಣೆಯಿಟ್ಟು ಕೊಟ್ಟ ಮಾತಿನ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಓದುಗರೊಬ್ಬರ ಪತ್ರ ನೋಡಿದೆ. ಇಸ್ರಾಯೇಲ್ಯರು, ಅಂದರೆ ಯೆಹೂದ್ಯರು, ಮಾತು ತಪ್ಪಿದರು, ಯೇಸುವನ್ನು ಒಪ್ಪಲಿಲ್ಲ, ಅದಕ್ಕೇ ದೇವರು ಅವರನ್ನು ಕೈಬಿಟ್ಟು ಅವರ ಜಾಗದಲ್ಲಿ ಕ್ರೈಸ್ತ ಸಭೆಯನ್ನು ಕೂರಿಸಿದ ಅನ್ನೋದು ಅವರ ವಾದ. ನಾನೂ ಕ್ರೈಸ್ತನೇ. ಈ ಮಾತನ್ನು ಪ್ರಸಂಗಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಕೇಳಿದಾಗಲೆಲ್ಲ ಮನಸ್ಸಿಗೆ ಬರೋದು ಒಂದೇ ಪ್ರಶ್ನೆ. ಮೊದಲು ಮಾತು ಕೊಟ್ಟವರನ್ನೇ ದೇವರು ನಡುನೀರಲ್ಲಿ ಕೈಬಿಟ್ಟಿದ್ದರೆ, ನಮಗೆ ಕೊಟ್ಟ ಮಾತನ್ನು ಉಳಿಸಿಕೊಳ್ತಾನೆ ಅಂತ ಯಾವ ಧೈರ್ಯದ ಮೇಲೆ ನಂಬೋದು?

ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ 15ನೇ ಅಧ್ಯಾಯವನ್ನು ಸ್ವಲ್ಪ ನಿಧಾನವಾಗಿ ಓದಿ. ಇಸ್ರಾಯೇಲ್ಯರ ಮೂಲಪುರುಷ ಅಬ್ರಹಾಮನ ಹೆಸರು ಆಗಿನ್ನೂ ಅಬ್ರಾಮ. ಮಕ್ಕಳಿಲ್ಲ, ವಯಸ್ಸಾಗಿದೆ. ನಿನ್ನ ಸಂತಾನ ನಕ್ಷತ್ರಗಳಷ್ಟಾಗುತ್ತದೆ, ಈ ದೇಶ ನಿನಗೆ ಸಿಗುತ್ತದೆ ಅಂತ ದೇವರು ಹೇಳಿದಾಗ, ಅದು ನನಗೆ ಗೊತ್ತಾಗೋದು ಹೇಗೆ ಅಂತ ಅವನು ನೇರವಾಗಿ ಕೇಳುತ್ತಾನೆ. ದೇವರು ಅವನಿಂದ ಮೂರು ವರ್ಷದ ಕಡಸು, ಆಡು, ಟಗರು, ಜೊತೆಗೆ ಒಂದು ಬೆಳವಕ್ಕಿ, ಒಂದು ಪಾರಿವಾಳದ ಮರಿ ತರಿಸುತ್ತಾನೆ. ಅಬ್ರಾಮ ಪ್ರಾಣಿಗಳನ್ನು ಎರಡೆರಡು ಹೋಳು ಮಾಡಿ ಎದುರುಬದುರು ಇಡುತ್ತಾನೆ. ಹಕ್ಕಿಗಳನ್ನು ಮಾತ್ರ ಕತ್ತರಿಸೋದಿಲ್ಲ. ಮಾಂಸಕ್ಕೆ ಎರಗಿದ ಹದ್ದುಗಳನ್ನು ಓಡಿಸುತ್ತಾ ಕೂರುತ್ತಾನೆ.

ಆಗ ಮಾತು ಕೊಡುವವರು ಇಂಥ ಹೋಳುಗಳ ನಡುವೆ ಹಾದುಹೋಗುತ್ತಿದ್ದರು. ಯಾಕೆ ಅನ್ನೋದಕ್ಕೆ ಉತ್ತರ ಯೆರೆಮೀಯ 34ರಲ್ಲಿದೆ. ಅರಸ ಚಿದ್ಕೀಯನ ಕಾಲದಲ್ಲಿ ಯೆರೂಸಲೇಮಿನ ದೊಡ್ಡವರು ತಮ್ಮ ಗುಲಾಮರನ್ನು ಬಿಟ್ಟುಬಿಡ್ತೀವಿ ಅಂತ ಕರುವಿನ ಹೋಳುಗಳ ನಡುವೆ ಹಾದು ಮಾತು ಕೊಟ್ಟರು. ಬಿಡುಗಡೆಯನ್ನೂ ಮಾಡಿದರು. ಆಮೇಲೆ ಅದೇ ಜನರನ್ನು ಹಿಡಿದು ಮತ್ತೆ ಗುಲಾಮರನ್ನಾಗಿ ಮಾಡಿಕೊಂಡರು. ನಿಮ್ಮ ಗತಿಯೂ ಆ ಕರುವಿನ ಗತಿಯೇ ಅಂತ ಪ್ರವಾದಿ ಹೇಳಿದ್ದು ಅದಕ್ಕೇ. ಅಂದರೆ ನಡುವೆ ಹಾದುಹೋದವನು ತನ್ನ ಪ್ರಾಣವನ್ನೇ ಪಣಕ್ಕಿಟ್ಟ ಹಾಗೆ.

ಈಗ ಅಬ್ರಾಮನ ವಿಷಯಕ್ಕೆ ಬನ್ನಿ. ಹೊತ್ತು ಮುಳುಗುವಾಗ ಅವನಿಗೆ ಗಾಢ ನಿದ್ರೆ ಹತ್ತುತ್ತದೆ. ಕತ್ತಲಾದ ಮೇಲೆ ಹೊಗೆಯಾಡುವ ಒಲೆ, ಉರಿಯುವ ಪಂಜು ಆ ಹೋಳುಗಳ ನಡುವೆ ಹಾದುಹೋಗುತ್ತವೆ. ಅವು ದೇವರ ಸಾನ್ನಿಧ್ಯದ ಗುರುತು. ಅಬ್ರಾಮ ಹಾದುಹೋಗೋದೇ ಇಲ್ಲ. ಆಣೆಯ ಭಾರವನ್ನೆಲ್ಲ ದೇವರು ತಾನೊಬ್ಬನೇ ಹೊತ್ತುಕೊಂಡ. ಇಂಥ ಮಾತನ್ನು ಎದುರಿನವರು ತಪ್ಪು ಮಾಡಿದರು ಅಂತ ರದ್ದು ಮಾಡೋಕಾಗುತ್ತಾ?

ಆಮೇಲೆ ಸೀನಾಯಿ ಬೆಟ್ಟದಲ್ಲಿ ಇಸ್ರಾಯೇಲ್ಯರ ನಾಯಕ ಮೋಶೆಯ ಮೂಲಕ ಆದ ಒಡಂಬಡಿಕೆ ಬೇರೆ ತರಹದ್ದು, ಒಪ್ಪುತ್ತೇನೆ. ಅಲ್ಲಿ ಜನರೂ ಮಾತು ಕೊಟ್ಟರು. ಮೋಶೆ ರಕ್ತದಲ್ಲಿ ಅರ್ಧವನ್ನು ಯಜ್ಞವೇದಿಗೆ, ಅರ್ಧವನ್ನು ಜನರ ಮೇಲೆ ಚಿಮುಕಿಸಿದ, ಯೆಹೋವನು ಹೇಳಿದ್ದನ್ನೆಲ್ಲ ಮಾಡ್ತೀವಿ ಅಂತ ಅವರು ಒಪ್ಪಿಕೊಂಡರು, ಮೋಶೆ ಬೆಟ್ಟದಿಂದ ಇಳಿದು ಬರೋದರೊಳಗೆ ಚಿನ್ನದ ಕರುವಿನ ಮುಂದೆ ಕುಣಿಯುತ್ತಿದ್ದರು. ಆ ಪತ್ರ ಬರೆದವರು ಗಮನಿಸಬೇಕಾದ ಜಾಗ ಇದೇ. ವಿಮೋಚನಕಾಂಡ 32ರಲ್ಲಿ ದೇವರು ಮೋಶೆಗೆ ಏನು ಹೇಳುತ್ತಾನೆ? ನನ್ನನ್ನು ಬಿಡು, ಇವರನ್ನು ನಾಶಮಾಡಿ ನಿನ್ನಿಂದಲೇ ಒಂದು ದೊಡ್ಡ ಜನಾಂಗ ಮಾಡ್ತೀನಿ ಅಂತ. ಹಳೆಯ ಜನರನ್ನು ತೆಗೆದು ಹೊಸಬರನ್ನು ಕೂರಿಸೋ ಯೋಚನೆ ಅವತ್ತೇ ಬಂದಿತ್ತು! ಮೋಶೆ ಅದನ್ನು ಒಪ್ಪಲಿಲ್ಲ. ಜನ ಒಳ್ಳೆಯವರು ಅಂತ ಅವನು ವಾದ ಮಾಡಲಿಲ್ಲ, ಮಾಡೋ ಹಾಗೂ ಇರಲಿಲ್ಲ. ಅಬ್ರಹಾಮ, ಇಸಾಕ, ಯಾಕೋಬರಿಗೆ ನಿನ್ನ ಮೇಲೇ ಆಣೆಯಿಟ್ಟು ಕೊಟ್ಟ ಮಾತನ್ನು ನೆನಪು ಮಾಡಿಕೋ ಅಂದ. ದೇವರು ಆ ಮಾತಿಗೆ ಮಣಿದ. ನನ್ನ ಮಟ್ಟಿಗೆ ಹಳೆ ಒಡಂಬಡಿಕೆ ಅಂತ ಕರೆಯೋ ಬೈಬಲ್ಲಿನ ಇಡೀ ಮೊದಲ ಭಾಗದಲ್ಲಿ ಇದಕ್ಕಿಂತ ಧೈರ್ಯದ ಪ್ರಾರ್ಥನೆ ಇನ್ನೊಂದಿಲ್ಲ.

ಹಾಗಂತ ಶಿಕ್ಷೆ ಆಗಲಿಲ್ಲ ಅಂತಲ್ಲ. ಲೋಕದ ಎಲ್ಲ ಕುಲಗಳಲ್ಲಿ ನಿಮ್ಮನ್ನು ಮಾತ್ರ ಆರಿಸಿಕೊಂಡೆ, ಅದಕ್ಕೇ ನಿಮ್ಮನ್ನು ದಂಡಿಸ್ತೀನಿ ಅಂತಾನೆ ಪ್ರವಾದಿ ಆಮೋಸನ ಪುಸ್ತಕದಲ್ಲಿ ದೇವರು. ಬಾಬೆಲಿನವರು ಯೆರೂಸಲೇಮನ್ನು ಸುಟ್ಟರು, ದೇವಾಲಯ ಹೋಯಿತು, ಜನ ಸೆರೆ ಹೋದರು. ಆದರೆ ಯಾಜಕಕಾಂಡ 26ರಲ್ಲಿ ಶಾಪಗಳ ದೊಡ್ಡ ಪಟ್ಟಿ ಮುಗಿಯೋ ಹೊತ್ತಿಗೆ, ಅವರು ಶತ್ರುಗಳ ದೇಶದಲ್ಲಿದ್ದರೂ ನಾನು ಒಡಂಬಡಿಕೆ ಮುರಿಯೋದಿಲ್ಲ ಅನ್ನೋ ಮಾತೂ ಇದೆ. ಶಿಕ್ಷೆ ಕೊಡೋದು ಬೇರೆ, ಸಂಬಂಧ ಕಡಿದುಕೊಳ್ಳೋದು ಬೇರೆ.

ಹೊಸ ಒಡಂಬಡಿಕೆ ಬಂತಲ್ಲ ಅಂತ ಕೇಳಬಹುದು. ಬಂತು, ನನ್ನ ಬದುಕು ನಿಂತಿರೋದೇ ಅದರ ಮೇಲೆ. ಆದರೆ ಅದನ್ನು ಮೊದಲು ಹೇಳಿದ ಯೆರೆಮೀಯ 31ರಲ್ಲಿ ಅದು ಯಾರ ಜೊತೆ ಅಂತಿದೆ ನೋಡಿ. ಇಸ್ರಾಯೇಲ್ ವಂಶ, ಯೆಹೂದ ವಂಶದ ಜೊತೆ. ಬೇರೆ ಯಾರ ಹೆಸರೂ ಅಲ್ಲಿಲ್ಲ. ಕಲ್ಲಿನ ಮೇಲಿದ್ದ ಧರ್ಮಶಾಸ್ತ್ರವನ್ನೇ ಹೃದಯದಲ್ಲಿ ಬರೀತೀನಿ ಅನ್ನೋದು ಅದರ ತಿರುಳು. ಯೇಸು ದ್ರಾಕ್ಷಾರಸದ ಪಾತ್ರೆ ಎತ್ತಿ, ಇದು ನನ್ನ ರಕ್ತದಿಂದಾಗೋ ಹೊಸ ಒಡಂಬಡಿಕೆ ಅಂದಿದ್ದು ಪಸ್ಕದ ಊಟದಲ್ಲಿ, ಐಗುಪ್ತದ ಗುಲಾಮಗಿರಿಯಿಂದಾದ ಬಿಡುಗಡೆಯನ್ನು ನೆನೆಯೋ ಊಟದಲ್ಲಿ, ಯೆಹೂದ್ಯರಾದ ತನ್ನ ಶಿಷ್ಯರ ಮುಂದೆ. ಯೆಹೂದ್ಯರಲ್ಲದ ನಾವು, ಅನ್ಯಜನರು, ಆ ಊಟಕ್ಕೆ ಬಂದಿದ್ದು ಆಮೇಲೆ. ಸುನ್ನತಿ ಇಲ್ಲದೆಯೇ ನಮ್ಮನ್ನು ಸೇರಿಸಿಕೊಳ್ಳಬಹುದು ಅಂತ ಯೆರೂಸಲೇಮಿನ ಸಭೆ ತೀರ್ಮಾನಿಸಿದ್ದನ್ನು ಅಪೊಸ್ತಲರ ಕೃತ್ಯಗಳು 15ರಲ್ಲಿ ಓದಬಹುದು. ತೀರ್ಮಾನಿಸಿದ ಅಪೊಸ್ತಲರೂ ಹಿರಿಯರೂ ಯೆಹೂದ್ಯರೇ.

ಬೈಬಲ್ಲಿನಲ್ಲಿರೋ ಇಬ್ರಿಯರಿಗೆ ಬರೆದ ಪತ್ರಿಕೆ, ಹಳೆಯ ಒಡಂಬಡಿಕೆ ಅಳಿದುಹೋಗೋ ಸ್ಥಿತಿಯಲ್ಲಿದೆ ಅನ್ನುತ್ತಲ್ಲ ಅಂತ ಯಾರಾದರೂ ಎತ್ತಿಯೇ ಎತ್ತುತ್ತಾರೆ. ನಿಜ, ಆ ವಚನವನ್ನು ನಾನು ಬದಿಗೆ ಸರಿಸೋದಿಲ್ಲ. ಆದರೆ ಆ ಪತ್ರಿಕೆ ಅಲ್ಲಿ ಮಾತಾಡುತ್ತಿರೋದು ಯಾಜಕರು, ಆರಾಧನೆಯ ಗುಡಾರ, ಯಜ್ಞಗಳ ಬಗ್ಗೆ. ಕ್ರಿಸ್ತನೇ ಮಹಾಯಾಜಕ, ಇನ್ನು ಬೇರೆ ಬಲಿ ಬೇಡ ಅನ್ನೋದು ಅದರ ವಾದ. ಅಬ್ರಹಾಮನ ಮಕ್ಕಳನ್ನು ದೇವರು ಬಿಟ್ಟ ಅಂತ ಅದು ಎಲ್ಲೂ ಹೇಳೋದಿಲ್ಲ. ಆ ಪ್ರಶ್ನೆಯನ್ನು ನೇರವಾಗಿ ಕೇಳಿದವನು ಅನ್ಯಜನರಿಗೆ ಸುವಾರ್ತೆ ಸಾರಿದ ಪೌಲ. ರೋಮಾಪುರದವರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯದಲ್ಲಿ, ದೇವರು ತನ್ನ ಜನರನ್ನು ತಳ್ಳಿಬಿಟ್ಟನೋ ಅಂತ ತಾನೇ ಕೇಳಿ, ಎಂದಿಗೂ ಇಲ್ಲ ಅಂತ ತಾನೇ ಉತ್ತರ ಕೊಡುತ್ತಾನೆ. ಸುವಾರ್ತೆಯ ವಿಷಯದಲ್ಲಿ ಅವರು ವಿರೋಧಿಗಳು ಅಂತ ಬಾಯಿಬಿಟ್ಟೇ ಹೇಳ್ತಾನೆ, ಆದರೂ ಪಿತೃಗಳ ದೆಸೆಯಿಂದ ಪ್ರಿಯರು ಅನ್ನುತ್ತಾನೆ, ಯಾಕಂದ್ರೆ ದೇವರು ತನ್ನ ಕರೆಯನ್ನು ಹಿಂದಕ್ಕೆ ತೆಗೆದುಕೊಳ್ಳುವವನಲ್ಲ. ನಮಗೆ ಹೇಳೋದು ಇನ್ನೂ ಖಾರವಾಗಿದೆ. ನೀವು ಕಾಡು ಆಲಿವ್ ಮರದ ಕೊಂಬೆ, ಊರಿನ ಮರಕ್ಕೆ ಕಸಿ ಕಟ್ಟಿದ್ದಾರೆ, ಬೇರು ನಿಮ್ಮನ್ನು ಹೊತ್ತಿದೆ, ಬೇರನ್ನು ನೀವು ಹೊತ್ತಿಲ್ಲ, ಜಂಬ ಪಡಬೇಡಿ ಅಂತ.

ನಾವು ಜಂಬಪಟ್ಟೆವು. ಸುಮಾರು ಕ್ರಿ.ಶ. 144ರಲ್ಲಿ ರೋಮಿನ ಸಭೆ ಮಾರ್ಸಿಯನ್ ಅನ್ನೋ ಬೋಧಕನನ್ನು ಹೊರಗೆ ಹಾಕಿತು, ಇಸ್ರಾಯೇಲಿನ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಅಂತ ಅವನು ಹೇಳಿದ್ದಕ್ಕೆ. ಅದು ಸರಿಯಾಗೇ ಆಯಿತು. ಆದರೆ ದೇವರು ಇಸ್ರಾಯೇಲನ್ನು ಬಿಟ್ಟ ಅನ್ನೋ ಮಾತನ್ನು ಸಭೆ ತಾನೇ ಶತಮಾನಗಳ ಕಾಲ ಹೇಳಿಕೊಂಡು ಬಂತು. ಯೇಸುವಿಗೆ ಮರಣದಂಡನೆ ಕೊಟ್ಟವನು ರೋಮಿನ ಅಧಿಪತಿ ಪಿಲಾತ, ಆದರೂ ತಪ್ಪನ್ನು ಇಡೀ ಒಂದು ಜನಾಂಗದ ತಲೆಗೆ ಕಟ್ಟಿದೆವು. 1543ರಲ್ಲಿ ಪ್ರೊಟೆಸ್ಟಂಟ್ ಸುಧಾರಣೆಯ ನಾಯಕ ಮಾರ್ಟಿನ್ ಲೂಥರ್ ಅಂಥವರೇ ಯೆಹೂದ್ಯರ ಸಭಾಮಂದಿರಗಳಿಗೆ ಬೆಂಕಿ ಹಚ್ಚಿ ಅಂತ ಬರೆದರು. ನಾಜಿಗಳ ಕಾಲದಲ್ಲಿ ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದದ್ದು ದೀಕ್ಷಾಸ್ನಾನ ಪಡೆದ ಜನರೇ ಜಾಸ್ತಿ ಇದ್ದ ಯೂರೋಪಿನಲ್ಲಿ. 1965ರಲ್ಲಿ ಕ್ಯಾಥೊಲಿಕ್ ಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ, ಯೇಸುವಿನ ಮರಣದ ಹೊಣೆಯನ್ನು ಆಗಿನ ಎಲ್ಲ ಯೆಹೂದ್ಯರ ಮೇಲಾಗಲಿ ಈಗಿನವರ ಮೇಲಾಗಲಿ ಹೊರಿಸಬಾರದು ಅಂತ ಹೇಳಿತು. 1980ರಲ್ಲಿ ಜರ್ಮನಿಯ ಮೈಂಟ್ಸ್ ನಗರದಲ್ಲಿ ಪೋಪ್ ಎರಡನೇ ಜಾನ್ ಪಾಲ್, ದೇವರು ಎಂದೂ ರದ್ದು ಮಾಡದ ಹಳೆಯ ಒಡಂಬಡಿಕೆಯ ಜನ ಅಂತ ಯೆಹೂದ್ಯರನ್ನು ಕರೆದರು. ಅಷ್ಟು ಹೇಳೋದಕ್ಕೆ ನಮಗೆ ಅಷ್ಟು ಕಾಲ ಬೇಕಾಯಿತು ಅನ್ನೋದು ನೋವಿನ ಸಂಗತಿ.

ಒಂದು ಮಾತು ಇಲ್ಲೇ ಸ್ಪಷ್ಟ ಮಾಡಿಬಿಡ್ತೀನಿ, ಯಾಕಂದ್ರೆ ಈ ವಿಷಯ ಬಂದ ಕೂಡಲೇ ಮಾತು ರಾಜಕೀಯಕ್ಕೆ ಹೊರಳುತ್ತದೆ. ಒಡಂಬಡಿಕೆ ಉಳಿದಿದೆ ಅಂದರೆ ಯಾವುದೋ ಸರ್ಕಾರ ಮಾಡಿದ್ದೆಲ್ಲ ಸರಿ ಅಂತ ಅರ್ಥ ಅಲ್ಲ. ಅರಸ ದಾವೀದನ ಮುಖಕ್ಕೇ ನಿನ್ನದು ತಪ್ಪು ಅಂದವನು ನಾತಾನ, ಅದೇ ಒಡಂಬಡಿಕೆಯ ಪ್ರವಾದಿ.

ಕೊನೆಗೆ ಸಭಾಪಾಲಕರಲ್ಲಿ ಒಂದು ವಿನಂತಿ. ಪ್ರಭುಭೋಜನದ ದಿನ ಯೆರೆಮೀಯ 31 ಓದುವಾಗ 34ನೇ ವಚನಕ್ಕೇ ಪುಸ್ತಕ ಮುಚ್ಚಬೇಡಿ. ಇನ್ನು ಮೂರು ವಚನ ಮುಂದಕ್ಕೆ ಓದಿ. ಸೂರ್ಯ, ಚಂದ್ರ, ನಕ್ಷತ್ರಗಳ ಕಟ್ಟಳೆ ತಪ್ಪಿದರೆ ಮಾತ್ರ ಇಸ್ರಾಯೇಲ್ ನನ್ನ ಮುಂದೆ ಜನಾಂಗವಾಗಿ ಉಳಿಯೋದಿಲ್ಲ ಅಂತ ದೇವರು ಅಲ್ಲಿ ಹೇಳುತ್ತಾನೆ. ಹೊಸ ಒಡಂಬಡಿಕೆಯ ಮಾತಿಗೆ ಅಂಟಿಕೊಂಡೇ ಇರೋ ಮಾತು ಅದು, ಸಭೆಯವರ ಕಿವಿಗೂ ಬೀಳಲಿ.

ಇತಿ,
ನಿಮ್ಮ ಓದುಗ