ಸರ್ಟಿಫಿಕೇಟ್ ಇದೆ, ತಲೆ ಮೇಲಿನ ವೆಲ್ಡಿಂಗ್ ಬರೋದಿಲ್ಲ

ಮಾನ್ಯ ಕೌಶಲ್ಯಾಭಿವೃದ್ಧಿ ಸಚಿವರಿಗೆ,

ನಮಸ್ಕಾರ. ನಾನು ಉಡುಪಿ ಜಿಲ್ಲೆಯ ಸಾಸ್ತಾನದ ಕಡೆಯವನು. ಹಂಗಾರಕಟ್ಟೆಯಲ್ಲಿ, ಮಲ್ಪೆಯಲ್ಲಿ ಹಡಗು ಕಟ್ಟೋದು ನಮಗೆ ಹೊಸತಲ್ಲ. ಕೊಚ್ಚಿನ್ ಶಿಪ್‌ಯಾರ್ಡ್ 2020ರಲ್ಲಿ ಇಲ್ಲಿನ ಟೆಬ್ಮಾ ಹಡಗು ಯಾರ್ಡನ್ನು ಕೊಂಡ ಮೇಲೆ ಕೆಲಸ ಮತ್ತೆ ಚುರುಕಾಯಿತು. 2023ರಲ್ಲಿ ನಾರ್ವೆಯ ವಿಲ್ಸನ್ ಕಂಪನಿ 3,800 ಟನ್ನಿನ ಆರು ಸರಕು ಹಡಗುಗಳಿಗೆ ಆರ್ಡರ್ ಕೊಟ್ಟಿತು. ಅದನ್ನು ಕೇಳಿಯೇ ನನ್ನ ಮಗ ಐಟಿಐನಲ್ಲಿ ಒಂದು ವರ್ಷದ ವೆಲ್ಡರ್ ಟ್ರೇಡ್ ಮಾಡಿದ್ದು.

ಪಾಸಾದ ಮೇಲೆ ಹೊರರಾಜ್ಯದ ಒಂದು ಯಾರ್ಡಿಗೆ ಟ್ರೇಡ್ ಟೆಸ್ಟ್‌ಗೆ ಹೋದ. ಎರಡು ಪ್ಲೇಟು ತಲೆ ಮೇಲೆ ಕಟ್ಟಿ, ಕೆಳಗೆ ನಿಂತು ಬೆಸೆ ಅಂದರಂತೆ. ವೆಲ್ಡರ್‌ಗಳ ಬಾಯಲ್ಲಿ ಇದು 4ಜಿ. ಕರಗಿದ ಲೋಹ ಜಾರದ ಹಾಗೆ ಕೈ ನಿಲ್ಲಬೇಕು. ಕಿಡಿ ಕಾಲರೊಳಗೆ ಬಿದ್ದರೂ ಅಲುಗಬಾರದು. ಆಮೇಲೆ ಆ ಬೆಸುಗೆಯನ್ನು ಪಟ್ಟಿ ಕತ್ತರಿಸಿ ಬಗ್ಗಿಸುತ್ತಾರೆ. ಬಿರುಕು ಬಾಯಿಬಿಟ್ಟರೆ ಫೇಲ್. ಇವನದ್ದು ಬಾಯಿಬಿಟ್ಟಿತು.

"ಐಟಿಐನಲ್ಲಿ ಎಷ್ಟು ಸಲ ಮಾಡಿದ್ದೆ?" ಅಂತ ಕೇಳಿದೆ.

"ಎರಡು ಸಲ ಅಪ್ಪಯ್ಯ. ರಾಡ್ ಸಾಲಲಿಲ್ಲ."

ಈಗ ಅವನು ಕಂಟ್ರಾಕ್ಟರ್ ಕೈಕೆಳಗೆ ಹೆಲ್ಪರ್. ದಿನವಿಡೀ ಗ್ರೈಂಡರ್ ಹಿಡಿಯುತ್ತಾನೆ. ಸರ್ಕಾರದ ಲೆಕ್ಕದಲ್ಲಿ ಮಾತ್ರ ಪಾಸಾದ ವೆಲ್ಡರ್!

2022ರಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಐಟಿಐಗಳಿಗೆ ರೋಬೋಟ್‌ನಂಥ ಹೊಸ ಯಂತ್ರ ಹಾಕಿದಿರಿ. ಸರ್ಕಾರ ಆಗ ಬೇರೆಯವರದ್ದು, ಇರಲಿ. ರೋಬೋಟ್ ಬೇಡ ಅನ್ನೋದಿಲ್ಲ. ಆದರೆ ಕರಾವಳಿಯ ಹುಡುಗರಿಗೆ ಮೊದಲು ಬೇಕಾದದ್ದು ಸುಟ್ಟು ಕಲಿಯೋಕೆ ಬೇಕಾದಷ್ಟು ಪ್ಲೇಟು, ರಾಡು, ಫ್ಲಕ್ಸ್ ವೈರು, ಗ್ಯಾಸು. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಹಡಗು ಉದ್ಯಮಕ್ಕೆ 69,725 ಕೋಟಿ ರೂಪಾಯಿಯ ಯೋಜನೆ ಒಪ್ಪಿತಲ್ವಾ? ಅದರ ಹಡಗುಗಳನ್ನು ಬೆಸೆಯೋರು ಯಾರು?

ಹಡಗಿನ ಮೈ ಬೆಸೆಯೋ ವೆಲ್ಡರ್ ಕ್ಲಾಸ್ ಸರ್ವೇಯರ್, ಅಂದರೆ ಹಡಗನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡೋ ಸಂಸ್ಥೆಯ ತಪಾಸಣೆದಾರರ ಮುಂದೆ ಟೆಸ್ಟ್ ಪಾಸಾಗಬೇಕು. ಐಟಿಐ ಸರ್ಟಿಫಿಕೇಟ್ ಅಲ್ಲಿ ಸಾಲದು. ಹಾಗಾಗಿ ಕೋರ್ಸ್ ಮುಗಿಯೋ ಮೊದಲೇ ಅಂಥದ್ದೇ ಟೆಸ್ಟ್ ಐಟಿಐನಲ್ಲಿ ನಡೆಯಲಿ, ಅಂಥ ಸಂಸ್ಥೆಯಾದ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್‌ನಿಂದ ಒಬ್ಬ ಸರ್ವೇಯರನ್ನು ಕರೆಸಿ. ಫೀಸು ಇಲಾಖೆ ಕಟ್ಟಲಿ. ಪಾಸಾಗಿ ಒಂದು ವರ್ಷವಾದ ಮೇಲೆ ಎಷ್ಟು ಮಂದಿ ಅದೇ ಟ್ರೇಡ್‌ನಲ್ಲಿದ್ದಾರೆ, ಎಷ್ಟು ಮಂದಿ ಕಂಪನಿಯ ರೋಲ್‌ನಲ್ಲಿ, ಎಷ್ಟು ಮಂದಿ ಕಂಟ್ರಾಕ್ಟರ್ ಹತ್ತಿರ, ಎಷ್ಟು ಮಂದಿ ಗಲ್ಫಿಗೆ ಹೋದರು ಅನ್ನೋದನ್ನು ಪ್ರತಿ ಐಟಿಐ ಗೇಟಿನ ಬೋರ್ಡಿನಲ್ಲಿ ಬರೆಸಿ. ಅಡ್ಮಿಶನ್‌ಗೆ ಬರೋ ಅಪ್ಪ ಅಮ್ಮಂದಿರು ಓದಲಿ.

ಬಗ್ಗಿದ ಆ ಪಟ್ಟಿಯನ್ನು ಮಗ ಕೇಳಿಕೊಂಡು ಮನೆಗೆ ತಂದಿದ್ದಾನೆ. ಉಡುಪಿಗೆ ಬಂದಾಗ ಹೇಳಿ, ತಂದು ತೋರಿಸುತ್ತೇನೆ.

ಇತಿ,
ಒಬ್ಬ ವೆಲ್ಡರ್‌ನ ತಂದೆ, ಸಾಸ್ತಾನ