ಟಿಚ್ ಬಟನ್ ಬೀಗವಲ್ಲ, ಮಗಳೇ

ಕುಶಾಲನಗರ
ಜುಲೈ 20

ಮಗಳೇ,

ನಿನ್ನ ಹೊಸ ಬೈಕಿನ ಬಗ್ಗೆ ಭಾನುವಾರ ಫೋನಿನಲ್ಲಿ ಆದದ್ದನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ನಾನು ಅಂದದ್ದರಲ್ಲಿ ಒಂದನ್ನು ಮಾತ್ರ ವಾಪಸ್ ತಗೊಳ್ಳುತ್ತೇನೆ. "ಹೆಣ್ಣುಮಕ್ಕಳಿಗೆ ಅಷ್ಟು ಭಾರದ ಗಾಡಿ ಯಾಕೆ" ಅಂದುಬಿಟ್ಟೆ. ಇಡೀ ದಿನ ಬೈಕಿನ ಸಾಮಾನು ಮಾರಿಕೊಂಡು ಕೂರುವವಳ ಬಾಯಲ್ಲಿ ಬರಬಾರದ ಮಾತು ಅದು. ನಿನ್ನ ಸಂಬಳದಲ್ಲಿ, ಯಾರ ಮುಂದೆಯೂ ಕೈಯೊಡ್ಡದೆ ತಗೊಂಡಿದ್ದೀಯ. ಅಜ್ಜಿ ನಿನ್ನ ಫೋಟೋವನ್ನು ಪಕ್ಕದ ತೋಟದವರಿಗೆಲ್ಲ ತೋರಿಸಿದ್ದಾರೆ. ನಾನೂ ಅಂಗಡಿಗೆ ಬಂದವರಿಗೆಲ್ಲ ತೋರಿಸಿದೆ.

ತೋರಿಸುವಾಗಲೇ ಕಣ್ಣಿಗೆ ಬಿದ್ದದ್ದು. ಫೋಟೋ ದೊಡ್ಡದು ಮಾಡಿ ನಿನ್ನ ಗಲ್ಲದ ಕೆಳಗೆ ನೋಡು. ಹೆಲ್ಮೆಟ್ಟಿನ ಪಟ್ಟಿ ಎರಡು ಉಂಗುರದೊಳಗಿಂದ ಹೊರಗೆ ಬಂದಿದೆ, ಆದರೆ ವಾಪಸ್ ಹೋಗಿಲ್ಲ. ಹಾಗೇ ಮಡಚಿ ಟಿಚ್ ಬಟನ್ ಒತ್ತಿದ್ದೀಯ. ಆ ಬಟನ್ ಇರುವುದು ಪಟ್ಟಿಯ ತುದಿ ಗಾಳಿಗೆ ಪಟಪಟ ಬಡಿಯದಿರಲಿ ಅಂತ. ಅದು ಬೀಗವಲ್ಲ. ಎರಡು ಬೆರಳಲ್ಲಿ ಎಳೆದರೆ ಬಿಚ್ಚುತ್ತದೆ, ಬಿದ್ದಾಗ ಬರುವ ಎಳೆತಕ್ಕೆ ಅದು ಲೆಕ್ಕಕ್ಕೇ ಇಲ್ಲ.

ಸರಿಯಾಗಿ ಹಾಕುವುದು ಹೀಗೆ. ಪಟ್ಟಿಯನ್ನು ಎರಡೂ ಉಂಗುರದೊಳಗಿಂದ ಹೊರಗೆ ಎಳಿ. ಉಂಗುರಗಳನ್ನು ಸ್ವಲ್ಪ ಬಿಡಿಸಿ, ತುದಿಯನ್ನು ಹೊರಗಿನ ಉಂಗುರದ ಮೇಲಿಂದ ತಂದು ಒಳಗಿನ ಉಂಗುರದಲ್ಲಿ ಮಾತ್ರ ತೂರಿಸಿ ವಾಪಸ್ ಎಳಿ. ಈಗ ಪಟ್ಟಿ ಎಳೆದಷ್ಟೂ ತಾನೇ ಕಚ್ಚಿಕೊಳ್ಳುತ್ತದೆ. ಗಲ್ಲಕ್ಕೂ ಪಟ್ಟಿಗೂ ನಡುವೆ ಎರಡು ಬೆರಳು ತೂರಬೇಕು, ಮೂರನೆಯದು ತೂರಬಾರದು. ಆಮೇಲೆ ಟಿಚ್ ಬಟನ್. ಬಟನ್ ಕೊನೆಗೆ.

ಅಟ್ಟದ ಮೇಲಿರುವ ಆ ಹೆಲ್ಮೆಟ್ಟಿನ ಮೇಲೆ ಇವತ್ತಿಗೂ ಒಂದು ಗೀರಿಲ್ಲ. ಅದು ನಿನಗೂ ಗೊತ್ತು, ನನಗೂ ಗೊತ್ತು. ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಆಗಸ್ಟ್ 3ಕ್ಕೆ ಕಕ್ಕಡ ಮಾಸದ ಮದ್ದು ಸೊಪ್ಪಿನ ಪಾಯಸಕ್ಕೆ ಮನೆಗೆ ಬೈಕಲ್ಲೇ ಬರುತ್ತೇನೆ ಅಂದೆ. ಬೇಡ ಅನ್ನುವುದಿಲ್ಲ. ಇನ್ನು ಎರಡು ವಾರ ಇದೆ, ಅಷ್ಟರೊಳಗೆ ಆಗಬೇಕಾದ್ದನ್ನು ಬರೆಯುತ್ತೇನೆ. ಷೋರೂಮಿನವರು ಕೊಟ್ಟ 14 ಸಾವಿರದ ಪಟ್ಟಿ ನೋಡಿದೆ: ಕ್ರ್ಯಾಶ್ ಗಾರ್ಡ್, ಫಾಗ್ ಲ್ಯಾಂಪ್, ಮೊಬೈಲ್ ಹೋಲ್ಡರ್, ಸೀಟ್ ಕವರ್, ಟ್ಯಾಂಕ್ ಪ್ಯಾಡ್. ಎಲ್ಲವೂ ಗಾಡಿಗೆ. ನಿನ್ನ ಮೈಗೆ ಒಂದೂ ಇಲ್ಲ. ಕ್ರ್ಯಾಶ್ ಗಾರ್ಡ್ ಇರಲಿ, ಗಾಡಿ ಅಡ್ಡ ಬಿದ್ದರೆ ಕಾಲು ಅದರ ಕೆಳಗೆ ಸಿಕ್ಕುವುದನ್ನು ಅದು ಎಷ್ಟೋ ತಪ್ಪಿಸುತ್ತದೆ. ಉಳಿದದ್ದು ಕಾಯಲಿ. ಮೊದಲು ಮೈಗೆ, ಆಮೇಲೆ ಗಾಡಿಗೆ.

ಹೆಲ್ಮೆಟ್ಟಿನಿಂದಲೇ ಶುರು ಮಾಡುತ್ತೇನೆ. ಗಾಡಿ ಜೊತೆ ಬಂದ ಹೆಲ್ಮೆಟ್ ನಿನ್ನ ತಲೆಯ ಅಳತೆ ತಗೊಂಡು ಕೊಟ್ಟದ್ದಲ್ಲ. ಟೈಲರ್ ಟೇಪನ್ನು ಹುಬ್ಬಿನಿಂದ ಒಂದು ಬೆರಳು ಮೇಲೆ ಇಟ್ಟು, ಹಿಂದೆ ತಲೆ ಹೆಚ್ಚು ಉಬ್ಬಿದ ಜಾಗದ ಮೇಲೆ ಸುತ್ತು. ಸೆಂಟಿಮೀಟರಿನಲ್ಲಿ ಬರೆದುಕೋ, ಆ ಕಂಪನಿಯ ಚಾರ್ಟಿಗೆ ಹೋಲಿಸು. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಮೀಡಿಯಂ ಅಲ್ಲ. ಹಾಕಿದಾಗ ಕೆನ್ನೆ ಒಳಕ್ಕೆ ಒತ್ತಬೇಕು, ಮಾತಾಡಿದರೆ ಕೆನ್ನೆಯ ಒಳಭಾಗ ಹಲ್ಲಿಗೆ ತಾಗಬೇಕು. ಹಣೆಯ ಮೇಲೆ ಒಂದೇ ಕಡೆ ನೋವಾದರೆ ಆ ಆಕಾರ ನಿನ್ನದಲ್ಲ, ಬೇರೆ ನೋಡು. ಹತ್ತು ನಿಮಿಷ ಹಾಕಿಕೊಂಡೇ ಅಂಗಡಿಯಲ್ಲಿ ನಿಲ್ಲು. ಹೊಸದರಲ್ಲಿ ಸಡಿಲ ಇದ್ದರೆ ಆರು ತಿಂಗಳಿಗೆ ಇನ್ನೂ ಸಡಿಲ, ಸ್ಪಂಜು ಕೂರುತ್ತದೆ. ಆಮೇಲೆ ಪಟ್ಟಿ ಬಿಗಿದು, ನಿನ್ನ ಗೆಳತಿಗೆ ಹೇಳಿ ಹೆಲ್ಮೆಟ್ಟಿನ ಹಿಂದಿನ ಅಂಚು ಹಿಡಿದು ಮುಂದಕ್ಕೆ ಮೇಲೆತ್ತಿಸು. ಕಳಚಿ ಬಂದರೆ ಅಲ್ಲೇ ವಾಪಸ್ ಕೊಡು.

ನಿನಗೆ ಇನ್ನೊಂದು ಇದೆ, ಗಂಡುಹುಡುಗರಿಗೆ ಯಾರೂ ಹೇಳಬೇಕಿಲ್ಲದ್ದು. ಕೂದಲು ಮೇಲೆ ಕಟ್ಟಿ ಕ್ಲಿಪ್ ಹಾಕಿ ಹೆಲ್ಮೆಟ್ ಹಾಕಬೇಡ. ಹೆಲ್ಮೆಟ್ ಮೇಲೆ ನಿಲ್ಲುತ್ತದೆ, ಕೆಳಗೆ ಕೂರುವುದಿಲ್ಲ. ಕತ್ತಿನ ಹತ್ತಿರ ಸಡಿಲ ಜಡೆ ಹಾಕಿ ಜಾಕೆಟ್ ಒಳಗೆ ಬಿಡು. ಜುಮ್ಕಿ ಬಿಚ್ಚಿ ಜೇಬಿಗೆ. ದುಪಟ್ಟಾ ಮೈಮೇಲೆ ಇರಲೇಬಾರದು, ಚೈನಿಗೆ ಸಿಕ್ಕರೆ ಅದು ನಿನ್ನ ಕತ್ತನ್ನೇ ಎಳೆಯುವುದು.

ಹಿಂದೆ ಐಎಸ್‌ಐ ಗುರುತು ಮತ್ತು ಐಎಸ್ 4151 ಅಂತ ಇದೆಯಾ ನೋಡು. 2021ರ ಜೂನ್ 1ರಿಂದ ಅದಿಲ್ಲದ ಹೆಲ್ಮೆಟ್ ಮಾರುವುದೇ ಕಾನೂನಿಗೆ ವಿರುದ್ಧ, ಆದರೂ ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುತ್ತಾರೆ. ಒಳಗಿನ ಥರ್ಮಾಕೋಲ್ ಒಂದು ಸಲ ಜಜ್ಜಿ ಪೆಟ್ಟನ್ನು ನುಂಗುತ್ತದೆ, ಎರಡನೇ ಸಲ ನುಂಗುವುದಿಲ್ಲ. ತಲೆಯಲ್ಲಿದ್ದಾಗ ಬಿದ್ದ ಹೆಲ್ಮೆಟ್ ಹೊರಗೆ ಹೊಳೆಯುತ್ತಿದ್ದರೂ ಅದರ ಕೆಲಸ ಮುಗಿಯಿತು. ಕನ್ನಡಿಗೆ ತೂಗುಹಾಕಿದರೆ ಥರ್ಮಾಕೋಲ್ ಅಲ್ಲಿ ಗುಳಿ ಬೀಳುತ್ತದೆ. ಪೆಟ್ರೋಲ್, ಥಿನ್ನರ್ ಹಾಕಿ ಒರೆಸಿದರೆ ಚಿಪ್ಪು ಒಳಗೊಳಗೇ ಬಿರುಕು ಬಿಡುತ್ತದೆ. ಉಗುರುಬೆಚ್ಚನೆ ನೀರು, ಸೋಪು ಸಾಕು.

ಗಾಜಿನ ವಿಷಯ. ಕಪ್ಪು ವೈಸರ್ ಬೇಡವೇ ಬೇಡ. ಮಡಿಕೇರಿ ದಾರಿಯ ಬೋಯಿಕೇರಿ ದಾಟಿದ ಮೇಲೆ ಕಕ್ಕಡದಲ್ಲಿ ಮಧ್ಯಾಹ್ನ ಮೂರಕ್ಕೇ ದೀಪ ಹಾಕುವ ಮಂಜು. ಮೈಸೂರಿನ ಬಿಸಿಲಲ್ಲಿ ಹೊರಟವಳು ಅಲ್ಲಿಗೆ ಬರುವಷ್ಟರಲ್ಲಿ ಉಸಿರೇ ಗಾಜಿಗೆ ಹಬೆ ಹಿಡಿಸುತ್ತದೆ. ಪಿನ್‌ಲಾಕ್ ಅಂತ ಒಳಗಡೆ ಕೂರಿಸುವ ಇನ್ನೊಂದು ತೆಳು ಹಾಳೆ ಸಿಗುತ್ತದೆ. ವೈಸರಿನಲ್ಲಿ ಎರಡು ಪಿನ್ ಇರುವ ಹೆಲ್ಮೆಟ್ಟಿಗೆ ಮಾತ್ರ ಅದು ಬರುವುದು. ಎರಡು ಪದರದ ನಡುವಿನ ಗಾಳಿ ಹಬೆ ಕಟ್ಟಲು ಬಿಡುವುದಿಲ್ಲ. ಸುತ್ತಲಿನ ಸಿಲಿಕಾನ್ ಅಂಚು ಎಲ್ಲ ಕಡೆ ಗಾಜಿಗೆ ಅಂಟಿರಬೇಕು, ಒಂದು ಕಡೆ ಬಿಟ್ಟರೂ ನಡುವೆಯೇ ನೀರು ಸೇರುತ್ತದೆ. ಹೆಲ್ಮೆಟ್ ಆರಿಸುವಾಗಲೇ ಇದನ್ನು ಕೇಳಿ ತಗೋ.

ಜಾಕೆಟ್ಟಿಗೆ ಬರುತ್ತೇನೆ. ಭುಜ, ಮೊಣಕೈಯಲ್ಲಿರುವ ಪ್ಯಾಡ್ ಹೊರಗೆ ತೆಗೆದು ನೋಡು, ಯುರೋಪಿನ ಮಾನಕದ ಗುರುತು ಇಎನ್ 1621-1 ಅಂತ ಅಚ್ಚಾಗಿರಬೇಕು. ಬೆನ್ನಿನದು ಇಎನ್ 1621-2. ಬಹಳ ಜಾಕೆಟ್ಟಿನಲ್ಲಿ ಬೆನ್ನಿಗೆ ಬರೀ ಸ್ಪಂಜು ಹಾಕಿರುತ್ತಾರೆ. ಅದು ಜಾಗ ತುಂಬಿಸಲು ಇಟ್ಟದ್ದು, ತೆಗೆದು ಬೇರೆ ತಗೊಂಡು ಹಾಕಬೇಕು. ಕೈ ಮಡಚಿ ಹ್ಯಾಂಡಲ್ ಹಿಡಿದ ಹಾಗೆ ನಿಂತಾಗ ಪ್ಯಾಡ್ ಮೊಣಕೈ ಮೂಳೆಯ ಮೇಲೇ ಇರಬೇಕು. ತೋಳು ದೊಗಳೆಯಾದರೆ ಬಿದ್ದಾಗ ಪ್ಯಾಡ್ ಪಕ್ಕಕ್ಕೆ ತಿರುಗುತ್ತದೆ, ಉಜ್ಜುವುದು ಮೂಳೆ. ಆದ್ದರಿಂದ ಗಂಡಸರ ಸೈಜಿನದು ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡ.

ಗ್ಲೌಸಿನಲ್ಲಿ ಬೆರಳ ಗಂಟಿನ ಮೇಲಿನ ಗಟ್ಟಿ ಪ್ಲಾಸ್ಟಿಕ್ ನೋಡಿ ಮರುಳಾಗಬೇಡ. ಬೀಳುವಾಗ ಮನುಷ್ಯರು ಮೊದಲು ಊರುವುದು ಅಂಗೈ. ಅಂಗೈಯ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಜಾರುವ ಗಟ್ಟಿ ತುಂಡು ಇರಬೇಕು. ಬರೀ ಬಟ್ಟೆಯಿದ್ದರೆ ಕೈ ಟಾರಿಗೆ ಕಚ್ಚಿಕೊಂಡು ಮಣಿಕಟ್ಟು ಮುರಿಯುತ್ತದೆ. ಮಣಿಕಟ್ಟಿನ ಪಟ್ಟಿಯೂ ಬಿಗಿಯಾಗಿರಲಿ, ಇಲ್ಲದಿದ್ದರೆ ಗ್ಲೌಸೇ ಕಳಚಿ ಹೋಗುತ್ತದೆ. ಹೆಲ್ಮೆಟ್ಟಿನದೂ ಅದೇ ಕತೆ. ತಲೆ ಒಂದೇ ಸಲ ನೆಲಕ್ಕೆ ತಾಗಿ ನಿಲ್ಲುವುದಿಲ್ಲ. ಒಂದು ಸಲ ತಾಗಿ, ಎದ್ದು, ಮತ್ತೆ ತಾಗುತ್ತದೆ. ಮೊದಲ ಪೆಟ್ಟಿಗೇ ಹೆಲ್ಮೆಟ್ ಹಾರಿಹೋದರೆ ಎರಡನೆಯದಕ್ಕೆ ಏನೂ ಇರುವುದಿಲ್ಲ. ಪಟ್ಟಿಯನ್ನು ಮತ್ತೆ ಮತ್ತೆ ಬರೆಯುತ್ತಿದ್ದೇನೆ ಅಂತ ನಿನಗೆ ಸಿಟ್ಟು ಬರಬಹುದು. ಬರಲಿ.

ಕಾಲಿಗೆ ಪಾದದ ಗಂಟು ಮುಚ್ಚುವ ಶೂ ಬೇಕು, ಲೇಸ್ ಒಳಗೆ ತೂರಿಸಿರಬೇಕು. ತೋಟದ ಗಂಬೂಟು ಹಾಕಿಕೊಂಡು ಹೊರಡಬೇಡ. ಬ್ರೇಕ್ ಪೆಡಲ್ ಎಷ್ಟು ಒತ್ತಿದೆ ಅಂತ ಕಾಲಿಗೆ ತಿಳಿಯುವುದಿಲ್ಲ, ಗಂಟಿಗೆ ಆಸರೆಯೂ ಇಲ್ಲ. ಪ್ಯಾಂಟಿನ ಮೇಲೆ ಮಂಡಿ ಗಾರ್ಡ್, ಅದರ ಮೇಲೆ ಮಳೆ ಪ್ಯಾಂಟ್.

ನಿನ್ನೆ ಒಂದೇ ದಿನ ಇಲ್ಲಿ ಮೂರು ಇಂಚು ಮಳೆ ಹಿಡಿಯಿತು. ಜಾಕೆಟ್ ಒಳಗೆ ಮಳೆ ಲೈನರ್ ಬರುತ್ತದೆ ಅಂತ ಅಂಗಡಿಯವನು ಹೇಳುತ್ತಾನೆ, ನಂಬಿ ಹೊರಡಬೇಡ. ಲೈನರ್ ಒಳಗಿದ್ದರೆ ಹೊರಗಿನ ಜಾಕೆಟ್ ನೀರು ಕುಡಿದು ಭಾರವಾಗುತ್ತದೆ, ಗಾಳಿಗೆ ಮೈ ಕೊರೆಯುತ್ತದೆ, ಚಳಿಗೆ ಮರಗಟ್ಟಿದ ಬೆರಳು ಕ್ಲಚ್ ಹಿಡಿಯುವುದಿಲ್ಲ. ಮೇಲೆ ಹಾಕುವ ಎರಡು ತುಂಡಿನ ರೇನ್‌ಸೂಟ್ ತಗೋ, ಜಾಕೆಟ್ ಮೇಲೆ ಬರುವಂತೆ ಒಂದು ಸೈಜ್ ದೊಡ್ಡದು. ಮೈಗೆ ಹೊದೆಯುವಂಥ ಪಾಂಚೋ ಬೇಡ, ಗಾಳಿಗೆ ಹಾರಿ ಚಕ್ರಕ್ಕೆ ಸಿಗುತ್ತದೆ. ಕಪ್ಪು ಬೇಡ, ಹೊಳೆಯುವ ಹಳದಿ ತಗೋ, ಮಂಜಿನಲ್ಲಿ ಹಿಂದಿನಿಂದ ಬರುವ ಲಾರಿಗೆ ನೀನು ಕಾಣಬೇಕು. ಗ್ಲೌಸಿನ ಕುತ್ತಿಗೆ ರೇನ್‌ಕೋಟಿನ ತೋಳೊಳಗೆ ಇರಲಿ. ಹೊರಗಿದ್ದರೆ ತೋಳಿನ ಮೇಲೆ ಇಳಿದ ನೀರೆಲ್ಲ ಗ್ಲೌಸಿಗೆ. ಮಳೆ ಪ್ಯಾಂಟಿನ ಕಾಲು ಸೈಲೆನ್ಸರಿಗೆ ತಾಗದಂತೆ ಗುಂಡಿ ಹಾಕು, ತಾಗಿದರೆ ಕರಗಿ ಅಂಟುತ್ತದೆ.

ಇನ್ನು ಗಾಡಿ. ಫಾಗ್ ಲ್ಯಾಂಪ್ ಹಾಕಿಸಲೇಬೇಕು ಅಂದರೆ ಹಳದಿ ಬೆಳಕಿನದು, ಕೆಳಗೆ, ಪ್ರತ್ಯೇಕ ಸ್ವಿಚ್, ರಿಲೇ, ಫ್ಯೂಸ್ ಸಮೇತ. ಕಂಪನಿಯ ವೈರ್ ಕತ್ತರಿಸಿ ಜೋಡಿಸಲು ಬಿಡಬೇಡ, ವಾರಂಟಿಯೂ ಹೋಗುತ್ತದೆ, ಮಳೆಗಾಲದಲ್ಲಿ ಆ ಜೋಡಣೆಗೆ ನೀರೂ ಇಳಿಯುತ್ತದೆ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಹನಿಗಳಿಗೆ ಬಡಿದು ನಿನ್ನ ಕಣ್ಣಿಗೇ ವಾಪಸ್ ಬರುತ್ತದೆ, ಎದುರಿಗೆ ಬಿಳಿ ಗೋಡೆ. ಲೋ ಬೀಮ್ ಇಟ್ಟು ರಸ್ತೆಯ ಎಡಗಡೆಯ ಗೆರೆ ಹಿಡಿದು ಬಾ. ನಾಲ್ಕು ಇಂಡಿಕೇಟರ್ ಒಟ್ಟಿಗೆ ಮಿನುಗಿಸಿಕೊಂಡು ಓಡಿಸುವುದು ಇಲ್ಲಿ ಅಭ್ಯಾಸವಾಗಿದೆ, ಅದನ್ನು ಕಲಿಯಬೇಡ. ನೀನು ತಿರುಗುವುದು ಹಿಂದಿನವನಿಗೆ ತಿಳಿಯುವುದಿಲ್ಲ. ಎಬಿಎಸ್ ಇದೆ ಅನ್ನುವ ಧೈರ್ಯವೂ ಅಷ್ಟಕ್ಕಷ್ಟೇ. ಚಕ್ರ ಲಾಕ್ ಆಗದಂತೆ ಅದು ನೋಡಿಕೊಳ್ಳುತ್ತದೆ. ಆದರೆ ತಿರುವಿನಲ್ಲಿ ಒದ್ದೆ ಸಿಲ್ವರ್ ಓಕ್ ಎಲೆಯ ಮೇಲೆ ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತರುತ್ತದೆ? ತಿರುವಿಗೆ ಮೊದಲೇ ನಿಧಾನ ಮಾಡು. ಹೊಸ ಟೈರಿನ ಮೇಲ್ಮೈ ನುಣುಪು, ಮೊದಲ 150–200 ಕಿಲೋಮೀಟರ್ ಮೈಸೂರಿನ ಒಣ ರಸ್ತೆಯಲ್ಲೇ ಓಡಿಸಿ ಅದನ್ನು ಸವೆಸಿಕೋ.

ಚೈನ್ ಸಾಮಾನ್ಯವಾಗಿ 500 ಕಿಲೋಮೀಟರಿಗೊಮ್ಮೆ, ಈ ಮಳೆಯಲ್ಲಿ ಅದರ ಅರ್ಧಕ್ಕೇ, ಒರೆಸಿ ಲ್ಯೂಬ್ ಹಾಕಬೇಕು. ಚೈನಿನ ಕೊಂಡಿಗಳ ನಡುವೆ ಸಣ್ಣ ರಬ್ಬರ್ ರಿಂಗ್ ಇವೆ, ಪೆಟ್ರೋಲ್ ಮತ್ತು ತಂತಿ ಬ್ರಷ್ ಎರಡೂ ಅದನ್ನು ಹಾಳು ಮಾಡುತ್ತವೆ. ಚೈನ್ ಕ್ಲೀನರ್ ಹಾಕಿ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಒಳಮಗ್ಗುಲಿಗೆ ಲ್ಯೂಬ್ ಬಿಡು. ಸವಾರಿ ಮುಗಿಸಿ ಚೈನ್ ಬೆಚ್ಚಗಿದ್ದಾಗ ಹಾಕಿದರೆ ಚೆನ್ನಾಗಿ ಇಳಿಯುತ್ತದೆ. ಇದೊಂದನ್ನು ಕೇಳು: ಎಂಜಿನ್ ಆಫ್, ನ್ಯೂಟ್ರಲ್, ಚಕ್ರವನ್ನು ಕೈಯಲ್ಲಿ ತಿರುಗಿಸು. ಸುಲಭ ಅಂತ ಎಂಜಿನ್ ಆನ್ ಮಾಡಿ ಗೇರ್ ಹಾಕಿ ಬಟ್ಟೆ ಹಿಡಿಯುವವರ ಬೆರಳನ್ನು ಸ್ಪ್ರಾಕೆಟ್ ಒಳಗೆ ಎಳೆದುಕೊಳ್ಳುತ್ತದೆ.

ನಿನ್ನದು ಅಲಾಯ್ ಚಕ್ರ, ಟ್ಯೂಬ್‌ಲೆಸ್, ಆದ್ದರಿಂದ ಪಂಕ್ಚರ್ ಕಿಟ್ ಸೀಟಿನಡಿ ಇರಲಿ. ಮೊಳೆ ಹೊಕ್ಕ ದಿಕ್ಕು ನೋಡಿಕೊಂಡು ಕೀಳು, ಅದೇ ದಿಕ್ಕಿನಲ್ಲಿ ಅರದಂಥ ಸಲಾಕೆ ನಾಲ್ಕೈದು ಸಲ ಆಡಿಸು. ಸೂಜಿಗೆ ರಬ್ಬರ್ ಪಟ್ಟಿ ಪೋಣಿಸಿ, ಗಮ್ ಹಚ್ಚಿ, ಎರಡು ತುದಿ ಒಂದು ಸೆಂಟಿಮೀಟರ್ ಹೊರಗುಳಿಯುವಷ್ಟು ಒಳಗೆ ತಳ್ಳಿ, ಸೂಜಿಯನ್ನು ಒಂದೇ ಸಲಕ್ಕೆ ಹೊರಗೆಳಿ. ಗಾಳಿ ತುಂಬಿ ಉಗುಳು ಹಚ್ಚಿ ನೋಡು. ಟೈರಿನ ಪಕ್ಕೆಗೆ ತೂತಾದರೆ ಇದು ನಡೆಯುವುದಿಲ್ಲ, ಗಾಡಿ ಸಾಗಿಸಬೇಕು.

ಬ್ಯಾಗ್ ಕಟ್ಟಲು ಕೊಕ್ಕೆಯ ಎಲಾಸ್ಟಿಕ್ ಹಗ್ಗ ಬೇಡ. ಕೊಕ್ಕೆ ಚಿಮ್ಮಿದರೆ ಕಣ್ಣಿಗೆ, ಬಿಚ್ಚಿಕೊಂಡರೆ ಹಿಂದಿನ ಚಕ್ರಕ್ಕೆ. ಬಕಲ್ ಇರುವ ಪಟ್ಟಿ ತಗೋ. ಇನ್ಶೂರೆನ್ಸಿನವರಿಗೆ ಕ್ರ್ಯಾಶ್ ಗಾರ್ಡ್, ಲ್ಯಾಂಪ್ ಹಾಕಿಸಿದ್ದನ್ನು ತಿಳಿಸು, ಪಾಲಿಸಿಯಲ್ಲಿ ಸೇರಿಸದ ಸಾಮಾನಿಗೆ ಅವರು ಕೊಡುವುದಿಲ್ಲ. ಥರ್ಡ್ ಪಾರ್ಟಿ ಐದು ವರ್ಷಕ್ಕೆ ಇರುತ್ತದೆ, ಸ್ವಂತ ಗಾಡಿಯ ಭಾಗ ಎಷ್ಟು ವರ್ಷಕ್ಕೆ ಅಂತ ಪಾಲಿಸಿ ತೆಗೆದು ಓದು. ಆರ್‌ಸಿ, ಲೈಸೆನ್ಸ್ ಡಿಜಿಲಾಕರಿನಲ್ಲಿ ಇದ್ದರೆ ಸಾಕು, ಆದರೆ ಘಟ್ಟದಲ್ಲಿ ಫೋನ್ ನೆನೆದು ಸಾಯುವುದೂ ಉಂಟು, ಒಂದು ಜೆರಾಕ್ಸ್ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಡು.

ಬೆಳಿಗ್ಗೆ ಏಳಕ್ಕೆ ಹೊರಡು. ಹುಣಸೂರಿನಲ್ಲಿ ಒಂದು ಕಾಫಿ ಕುಡಿ. ಆನೆಕಾಡಿನ ಹತ್ತಿರ ಆನೆ ಕಂಡರೆ ಹಾರ್ನ್ ಹೊಡೆಯಬೇಡ, ಫೋಟೋ ಬೇಡ, ದೂರದಲ್ಲೇ ನಿಲ್ಲು. ಅದಕ್ಕೂ ಮೊದಲು ಕುಶಾಲನಗರದಲ್ಲಿ ಅಂಗಡಿ ಮುಂದೆ ಗಾಡಿ ನಿಲ್ಲಿಸು. ಅಪ್ಪ ಜೀಪ್ ತಂದಿರುತ್ತಾರೆ, ಆದರೆ ಅದರಲ್ಲಿ ಹತ್ತು ಅಂತ ನಾನು ಹೇಳುವುದಿಲ್ಲ, ಇದು ಮಾತು. ನೀನು ಬೈಕಲ್ಲೇ ಮುಂದೆ ಹೋಗು, ನಾವು ಹಿಂದೆ ಬರುತ್ತೇವೆ.

ನಿಂತ ಕೂಡಲೇ ಹೆಲ್ಮೆಟ್ ಬಿಚ್ಚಬೇಡ. ನಾನು ಕೌಂಟರಿನಿಂದ ಇಳಿದು ಬರುವತನಕ ಹಾಗೇ ಇರು. ಎರಡು ಬೆರಳು ನಾನೇ ತೂರಿಸಿ ನೋಡುತ್ತೇನೆ.

ನಿನ್ನ
ಅಮ್ಮ